ಛಾವಣಿಯ ಒಳಗಿನ ಪೆನ್ಸಿಲ್ ಬರಹ

ನಮ್ಮ ಆಪಾ ಅವರ ಮಗ ಅಮೆರಿಕದ ಓಹಾಯೋದಲ್ಲಿದ್ದಾನೆ. ಕಂಪ್ಯೂಟರ್ ಕೆಲಸ. ಚಿಕ್ಕವನಿದ್ದಾಗ ರಜೆಗೆಂದು ನಮ್ಮೂರಿಗೆ ಬಂದರೆ ರೈಲ್ವೆ ಸ್ಟೇಷನ್ನಿನ ಕಲ್ಲುಬೆಂಚು ಬಿಟ್ಟು ಏಳುತ್ತಿರಲಿಲ್ಲ. ಊಟದ ಹೊತ್ತಿಗೆ ನಾವೇ ಹೋಗಿ ಎಳೆದುಕೊಂಡು ಬರಬೇಕಿತ್ತು. ಆ ಹುಚ್ಚು ಈಗ ಅವನ ಮನೆಯ ನೆಲಮಾಳಿಗೆಯಲ್ಲಿ ಪುಟ್ಟ ರೈಲಾಗಿ ಸುತ್ತುತ್ತಿದೆ.

ಕಳೆದ ವರ್ಷ ಹಳೆಯ ರೈಲು ಮಾದರಿಗಳನ್ನು ಮಾರುವ ಸಂತೆಯೊಂದರಲ್ಲಿ ಅವನು ಒಂದು ರಟ್ಟಿನ ಪೆಟ್ಟಿಗೆ ಕೊಂಡ. ಅದರೊಳಗೆ ಮರದ ಸ್ಟೇಷನ್ ಒಂದು, ಇಂಜಿನ್ನಿಗೆ ನೀರು ತುಂಬುವ ತೊಟ್ಟಿ ಒಂದು, ಮೂರು ಗೂಡ್ಸ್ ವ್ಯಾಗನ್ನುಗಳು. ಯಾವುದೂ ಕಾರ್ಖಾನೆಯ ಮಾಲಲ್ಲ. ಹಲಗೆ ಹಲಗೆಯನ್ನೂ ಯಾರೋ ಕೈಯಲ್ಲಿ ಕೊಯ್ದು ಅಂಟಿಸಿದ್ದಾರೆ. ಫೋಟೊ ಕಳಿಸಿ ಫೋನ್ ಮಾಡಿದ. “ಮಾಮು, ಇದನ್ನು ಮಾಡಿದವರು ಯಾರು ಅಂತ ಹುಡುಕಬೇಕು ಅನ್ನಿಸ್ತಿದೆ.”

“ದುಡ್ಡು ಕೊಟ್ಟು ತಗೊಂಡಿದ್ದೀಯ, ಇಟ್ಕೋ. ಹುಡುಕಿ ಏನು ಮಾಡ್ತೀಯ?” ಎಂದೆವು. ಅವನು ಏನೂ ಹೇಳಲಿಲ್ಲ. ಆದರೆ ಕೇಳಿದ ಪ್ರಶ್ನೆ ನಮ್ಮ ಬಳಿಯೇ ಉಳಿದುಬಿಟ್ಟಿತು. ಬೆಲೆ ಕೊಟ್ಟು ಕೊಂಡ ವಸ್ತುವಿನಲ್ಲಿ ಮಾಡಿದವನ ಪಾಲು ಏನಾದರೂ ಉಳಿದಿರುತ್ತದೆಯೆ?

ಈ ಹವ್ಯಾಸವನ್ನು ಮಕ್ಕಳಾಟ ಎಂದು ತಿಳಿಯಬೇಡಿ. ನಾವೂ ಹಾಗೆಯೇ ತಿಳಿದಿದ್ದೆವು. ಅಮೆರಿಕದಲ್ಲಿ ಇವರ ರಾಷ್ಟ್ರೀಯ ಸಂಘ 1935ರಲ್ಲೇ ಹುಟ್ಟಿತು. ಇವರಿಗಾಗಿಯೇ ಇರುವ ಮಾಸಪತ್ರಿಕೆ ಅದಕ್ಕೂ ಒಂದು ವರ್ಷ ಹಿರಿಯದು. ಅಲ್ಲಿ ಹೆಚ್ಚು ಬಳಕೆಯಲ್ಲಿರುವ ‘ಎಚ್‌ಓ’ ಅಳತೆಯಲ್ಲಿ ನಿಜದ 87 ಅಡಿ ಒಂದಡಿಯಾಗುತ್ತದೆ. ಆರಡಿ ಆಳು 21 ಮಿಲಿಮೀಟರ್ ಎತ್ತರಕ್ಕೆ ಇಳಿಯುತ್ತಾನೆ. ಅವನು ತೆರೆದು ಒಳಹೋಗಬೇಕಾದ ಬಾಗಿಲು, ಆ ಬಾಗಿಲಿನ ಚಿಲಕ, ಕಿಟಕಿಯ ಸರಳು ಎಲ್ಲವೂ ಅದೇ ಲೆಕ್ಕದಲ್ಲಿ ಕುಗ್ಗಬೇಕು. ನಿವೃತ್ತರು, ಗುಮಾಸ್ತರು, ಮೇಷ್ಟರುಗಳು ರಾತ್ರಿಯಿಡೀ ಕೂತು ಇದನ್ನು ಮಾಡುತ್ತಾರೆ. ಮಾಡುವವನು ತೀರಿಕೊಂಡ ಮೇಲೆ ಮನೆಯವರಿಗೆ ಅದು ನೆಲಮಾಳಿಗೆಯನ್ನು ತುಂಬಿಕೊಂಡ ಸಾಮಾನು. ವ್ಯಾಪಾರಿ ಬಂದು ಒಟ್ಟಿಗೆ ಎತ್ತಿಕೊಂಡು ಹೋಗುತ್ತಾನೆ. ಅಲ್ಲಿಂದ ಮುಂದೆ ಸ್ಟೇಷನ್ ಒಂದು ಊರಿಗೆ, ಸೇತುವೆ ಒಂದು ಊರಿಗೆ. ಹೆಸರಂತೂ ಯಾವ ಊರಿಗೂ ಹೋಗುವುದಿಲ್ಲ.

ಹುಡುಕುವ ದಾರಿಗಳೂ ವಿಚಿತ್ರ. ಮೊದಲು ವಸ್ತುವನ್ನು ತಿರುಗಿಸಿ ತಳ ನೋಡಬೇಕು. ಎಷ್ಟೋ ಜನ ಗೋಡೆಯ ಹಿಂಬದಿಗೆ ಮನೆಯಲ್ಲಿ ಬಿದ್ದಿದ್ದ ತಿಂಡಿಯ ಪೊಟ್ಟಣದ ರಟ್ಟನ್ನೇ ಬಳಸಿರುತ್ತಾರೆ. ಅದರ ಮೇಲಿನ ಅಚ್ಚು ಕಾಲವನ್ನು ಹೇಳುತ್ತದೆ. ವ್ಯಾಗನ್ನುಗಳನ್ನು ಜೋಡಿಸುವ ಕೊಂಡಿ ಯಾವ ಬಗೆಯದು ಎಂಬುದೂ ಹೇಳುತ್ತದೆ. ಎಲ್ಲಕ್ಕಿಂತ ದೊಡ್ಡ ಸುಳಿವೆಂದರೆ ವ್ಯಾಗನ್ನಿನ ಮೇಲೆ ಬರೆದ ಅಕ್ಷರಗಳು. ಇವರಲ್ಲಿ ಅನೇಕರು ತಮ್ಮದೇ ಒಂದು ರೈಲ್ವೆ ಕಂಪನಿಯನ್ನು ಕಲ್ಪಿಸಿಕೊಂಡು ಅದಕ್ಕೊಂದು ಹೆಸರಿಡುತ್ತಾರೆ. ಭೂಪಟದಲ್ಲಿ ಇಲ್ಲದ ಆ ರೈಲ್ವೆಯ ಅಕ್ಷರಗಳು ಒಬ್ಬನೇ ಒಬ್ಬನ ನೆಲಮಾಳಿಗೆಯ ವಿಳಾಸ. ಇಷ್ಟಾದರೂ ಅನುಮಾನ ತಪ್ಪಿದ್ದಲ್ಲ. ಮರದ ಕಡ್ಡಿ, ನಕ್ಷೆ, ಸಣ್ಣ ಲೋಹದ ಭಾಗಗಳನ್ನು ಪೆಟ್ಟಿಗೆಯಲ್ಲಿ ತುಂಬಿ ಮಾರುವ ಕಂಪನಿಗಳೂ ಇವೆ. ಒಂದೇ ಪೆಟ್ಟಿಗೆಯಿಂದ ನೂರು ಜನ ನೂರು ಸ್ಟೇಷನ್ ಕಟ್ಟಿರಬಹುದು.

ಹುಡುಕುವವರೆಲ್ಲ ಪ್ರೀತಿಯಿಂದಲೇ ಹುಡುಕುತ್ತಾರೆ ಎಂದೂ ಹೇಳಲಾಗದು. ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿದ್ದ ಜಾನ್ ಆಲೆನ್ ಈ ಲೋಕದ ಉಸ್ತಾದ. 1973ರ ಜನವರಿಯಲ್ಲಿ ಅವರು ತೀರಿಕೊಂಡರು. ಕೆಲವೇ ದಿನಗಳಲ್ಲಿ ಮನೆಗೆ ಬೆಂಕಿ ಬಿದ್ದು, ವರ್ಷಗಟ್ಟಲೆ ಕಟ್ಟಿದ ಅವರ ರೈಲುಲೋಕದ ಬಹುಪಾಲು ಸುಟ್ಟುಹೋಯಿತು. ಅಂಥವರ ಕೈ ಮುಟ್ಟಿದ ವಸ್ತು ಎಂದು ಸಾಬೀತಾದರೆ ಹತ್ತು ಡಾಲರಿನದ್ದು ಹತ್ತು ಡಾಲರಿನದ್ದಾಗಿ ಉಳಿಯುತ್ತದೆಯೆ? ಹೆಸರು ಸಿಕ್ಕ ಕೂಡಲೇ ಅದು ಬೆಲೆಚೀಟಿಯೂ ಆಗಿಬಿಡುತ್ತದೆ. ನಾವು ಹುಡುಗನಿಗೆ ಇದನ್ನು ಹೇಳಿದಾಗ ಅವನಿಗೆ ಸಿಟ್ಟು ಬಂತು. ಬರಲಿ ಎಂದೇ ಹೇಳಿದ್ದೆವು.

ಅವನ ಕ್ಲಬ್ಬಿನ ಹಿರಿಯರೊಬ್ಬರು ವ್ಯಾಗನ್ನಿನ ಅಕ್ಷರಗಳನ್ನು ಗುರುತಿಸಿದರು. ಮಾಡಿದವರು ತೀರಿಕೊಂಡು ಏಳೆಂಟು ವರ್ಷವಾಗಿತ್ತು. ಮಗ ಬೇರೆ ಊರಿನಲ್ಲಿದ್ದಾರೆ. ಈಗ ಹೊಸ ಇಕ್ಕಟ್ಟು. ತಿಳಿಸಬೇಕೆ, ಬೇಡವೆ? ಅವರು ಅವಸರದಲ್ಲಿ ಅಗ್ಗಕ್ಕೆ ಮಾರಿದ್ದು ಈಗ ನೋಯಿಸಿದರೆ? ಅಥವಾ ಅಪ್ಪನ ಆ ಕೋಣೆಯೇ ಅವರಿಗೆ ಬೇಡದ ನೆನಪಾಗಿದ್ದರೆ? ಸತ್ತವರ ಹೆಸರನ್ನು ಉಳಿಸುವ ಉತ್ಸಾಹದಲ್ಲಿ ಬದುಕಿರುವವರ ಬಾಗಿಲು ಬಡಿಯುವ ಹಕ್ಕು ನಮಗಿದೆಯೆ? ನಾವು ಬಹಳ ಯೋಚಿಸಿ ಹೇಳಿದ್ದು ಇಷ್ಟೆ: ಒಂದು ಕಾಗದ ಬರೆ, ಕೊಟ್ಟ ಬೆಲೆಗೇ ಹಿಂತಿರುಗಿಸುತ್ತೇನೆ ಎಂದು ಅದರಲ್ಲಿ ಹೇಳು, ಉತ್ತರ ಬಾರದಿದ್ದರೆ ಎರಡನೇ ಕಾಗದ ಬರೆಯಬೇಡ.

ಆ ನಡುವೆ ನಮ್ಮನ್ನು ಇನ್ನೊಂದು ವಿಷಯ ಕೊರೆಯುತ್ತಿತ್ತು. ಹುಡುಗನ ಬಳಿ ಹಿತ್ತಾಳೆಯ ಇಂಜಿನ್ನೂ ಒಂದಿದೆ, ಕೊರಿಯಾದಲ್ಲಿ ತಯಾರಾದದ್ದು. ಅದೂ ಸೆಕೆಂಡ್‌ಹ್ಯಾಂಡ್, ಅದೂ ಕೈಕೆಲಸವೇ. ಎರಡನೇ ಮಹಾಯುದ್ಧದ ನಂತರ ಜಪಾನಿನ ಸಣ್ಣ ಕಾರ್ಖಾನೆಗಳಲ್ಲಿ ಇಂಥವನ್ನು ಬೆಸುಗೆ ಹಾಕಿ ಜೋಡಿಸುತ್ತಿದ್ದರು. ಪೆಸಿಫಿಕ್ ಫಾಸ್ಟ್ ಮೇಲ್‌ನಂಥ ಅಮೆರಿಕನ್ ಕಂಪನಿಗಳು ತರಿಸಿ ಮಾರುತ್ತಿದ್ದವು. ಜಪಾನಿನಲ್ಲಿ ಕೂಲಿ ಏರಿದಂತೆ 1970ರ ದಶಕದಿಂದ ಈ ಕೆಲಸ ಕೊರಿಯಾಕ್ಕೆ ಸರಿಯಿತು. ಪೆಟ್ಟಿಗೆಯ ಮೇಲೆ ತರಿಸಿದವರ ಹೆಸರಿದೆ, ಕಾರ್ಖಾನೆಯ ಹೆಸರೂ ಇರುವುದುಂಟು. ಕೂದಲೆಳೆಯಂಥ ಕೊಳವೆಗಳನ್ನು ಬೆಸೆದ ಕೈಯ ಹೆಸರಿಲ್ಲ. ಹುಡುಗ ಅದನ್ನು ಯಾರು ಮಾಡಿದರೆಂದು ಒಮ್ಮೆಯೂ ಕೇಳಿರಲಿಲ್ಲ. ಸಂತೋಷಕ್ಕೆ ಮಾಡಿದವನನ್ನು ಹುಡುಕಿಕೊಂಡು ಹೋಗುತ್ತೇವೆ, ಸಂಬಳಕ್ಕೆ ಮಾಡಿದವನನ್ನು ಸಂಬಳದ ದಿನವೇ ಮರೆಯುತ್ತೇವೆ. ನಾವು ಇದನ್ನು ಹೇಳಿದಾಗ ಅವನು, “ಮಾಮು, ಅದಕ್ಕೆ ಸುಳಿವೇ ಇಲ್ಲವಲ್ಲ” ಎಂದ. ನಿಜ. ಆದರೆ ಸುಳಿವನ್ನು ಬಿಡುವ ಅವಕಾಶ ಅವರಿಗೆ ಇತ್ತೆ?

ದೂರದವರನ್ನು ದೂರುವುದು ಸುಲಭ. ನಮ್ಮ ಮನೆಯ ಕಪಾಟಿನಲ್ಲೇ ಅಮ್ಮಿ ತಂದಿದ್ದ ಬಿದರಿಯ ಪಾನ್‌ದಾನ್ ಇದೆ. ಸತುವಿನ ಎರಕ, ಅದರಲ್ಲಿ ಬೆಳ್ಳಿಯ ತಂತಿಯ ಬಳ್ಳಿ. ಬೀದರ್ ಕೋಟೆಯ ಮಣ್ಣಿನಿಂದ ಬಂದ ಕಪ್ಪು. ಬೆಳ್ಳಿ ಎಷ್ಟು ತೊಲೆ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಕಾರೀಗರ ಯಾರು? ನಾವು ಕೇಳಿಯೇ ಇಲ್ಲ. ಆ ಕಲೆಗೆ 2006ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. 2023ರಲ್ಲಿ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂತು. ಆಗ ಪಾನ್‌ದಾನನ್ನು ಮೊದಲ ಸಲ ತಿರುಗಿಸಿ ತಳ ನೋಡಿದೆವು. ನುಣ್ಣಗಿತ್ತು.

ಕೊನೆಗೆ ಮಗನಿಂದ ಉತ್ತರ ಬಂತು. ನಾಲ್ಕೇ ಸಾಲು. ತಮ್ಮಲ್ಲಿ ಜಾಗವಿಲ್ಲ, ನೀವೇ ಇಟ್ಟುಕೊಳ್ಳಿ ಎಂದಿದ್ದರು. ಕೊನೆಯಲ್ಲೊಂದು ಪ್ರಶ್ನೆ: ಸ್ಟೇಷನ್ ಮಾಸ್ತರರ ಕೋಣೆಯ ದೀಪ ಇನ್ನೂ ಉರಿಯುತ್ತದೆಯೆ?

ಉರಿಯುತ್ತಿರಲಿಲ್ಲ. ಅಲ್ಲೊಂದು ದೀಪವಿದೆ ಎಂಬುದೇ ಹುಡುಗನಿಗೆ ಗೊತ್ತಿರಲಿಲ್ಲ. ಛಾವಣಿಯನ್ನು ಬಲು ಜೋಪಾನವಾಗಿ ಬಿಡಿಸಿದ. ಒಳಗೆ ಗೋಧಿಕಾಳಿನಷ್ಟು ಗಾತ್ರದ ಬಲ್ಬು, ಕಡಿದುಹೋದ ತಂತಿ. ಛಾವಣಿಯ ಒಳಮೈಯಲ್ಲಿ ಪೆನ್ಸಿಲ್ಲಿನಲ್ಲಿ ಎರಡು ತಾರೀಖು. ಒಂದು ಕಟ್ಟಿದ್ದು, ಇನ್ನೊಂದು ಬಲ್ಬು ಬದಲಿಸಿದ್ದು. ಪಕ್ಕದಲ್ಲಿ ಎಷ್ಟು ವೋಲ್ಟ್ ಎಂಬ ಸೂಚನೆ. ಹೆಸರಿಲ್ಲ.

ನಮಗೆ ತಟ್ಟನೆ ನೆನಪಾದದ್ದು ನಮ್ಮೂರಿನ ಮಸೀದಿ ರಸ್ತೆಯ ವಾಚ್ ರಿಪೇರಿಯ ಚಾಚಾ. ವಾಚಿನ ಹಿಂಮುಚ್ಚಳ ತೆಗೆದರೆ ಒಳಗೆ ಸೂಜಿಯಿಂದ ಗೀರಿದ ತಾರೀಖು, ಒಂದು ಗುರುತು ಇರುತ್ತಿತ್ತು. “ಇದು ಗಿರಾಕಿಗಲ್ಲ ಬೇಟಾ, ಮುಂದೆ ಬಿಚ್ಚುವವನಿಗೆ” ಎನ್ನುತ್ತಿದ್ದರು. ಕಟ್ಟಿದವರು ಹೊರಗೆ ಎಲ್ಲೂ ಸಹಿ ಹಾಕಿರಲಿಲ್ಲ. ನೋಡಿ ಮೆಚ್ಚುವವರಿಗೆ ಅವರು ಹೇಳಬೇಕಾದದ್ದು ಏನೂ ಇರಲಿಲ್ಲವೇನೋ. ಇಷ್ಟು ದಿನ ನಾವು ಹೆಸರಿನ ಬಗ್ಗೆಯೇ ಮಾತಾಡುತ್ತಿದ್ದೆವು. ಅವರು ವೋಲ್ಟ್ ಬರೆದಿಟ್ಟಿದ್ದರು. ಉರ್ದುವಿನಲ್ಲಿ ಇದಕ್ಕೆ ಅಮಾನತ್ ಎನ್ನುತ್ತಾರೆ.

ಹುಡುಗ ಬಲ್ಬು ಬದಲಿಸಿದ. ಉರಿಯುವ ದೀಪದ ಫೋಟೊವನ್ನು ಆ ಮಗನಿಗೂ ನಮಗೂ ಕಳಿಸಿದ. ಮೂರನೇ ತಾರೀಖು ಬರೆಯಲೇ ಎಂದು ಕೇಳಿದ. ಬರೆ ಎಂದೆವು. ಹೆಸರು? ಅದು ನಿನಗೆ ಬಿಟ್ಟದ್ದು ಎಂದೆವು. ಬರೆದನೋ ಇಲ್ಲವೋ ಹೇಳಲಿಲ್ಲ, ನಾವೂ ಕೇಳಲಿಲ್ಲ. ಛಾವಣಿಗೆ ಈ ಸಲ ಅಂಟು ಹಾಕಿಲ್ಲವಂತೆ. ಎರಡು ಸಣ್ಣ ಸ್ಕ್ರೂ ಹಾಕಿದ್ದಾನೆ.