ಎಂಬತ್ತು ಎಂಬುದು ಯಾರ ಲೆಕ್ಕ?

ಚಿಕ್ಕಜಾಲದ ಹಳೆಯ ಕೋಟೆಗೆ ಹತ್ತಿರದಲ್ಲೇ ಬಳ್ಳಾರಿ ರಸ್ತೆ ಹಾದುಹೋಗುತ್ತದೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿ ಬಳಿ ವಿಮಾನ ನಿಲ್ದಾಣ ಶುರುವಾದ ಮೇಲೆ ಇದು ಊರಿನವರಿಗಿಂತ ಊರು ದಾಟಿ ಹೋಗುವವರ ರಸ್ತೆಯಾಯಿತು. ಕಾರುಗಳಿಗೆ ಇಲ್ಲಿ ಗಂಟೆಗೆ 80 ಕಿ.ಮೀ. ಮಿತಿ. ಅದು ಹೆಚ್ಚಾಯಿತು ಎಂದವರಿಗಿಂತ ಕಡಿಮೆಯಾಯಿತು ಎಂದು ಗೊಣಗುವವರೇ ಜಾಸ್ತಿ. ಇಷ್ಟು ಅಗಲದ ರಸ್ತೆಗೆ 100 ಇಟ್ಟರೇನು ಎಂದು ಅವರು ಕೇಳುತ್ತಾರೆ. ರಸ್ತೆ ತಾಳುವಷ್ಟೂ ವೇಗ ಓಡಿಸುವವರ ಹಕ್ಕು ಎಂಬ ನಂಬಿಕೆ ಆ ಪ್ರಶ್ನೆಯೊಳಗಿದೆ. ಅದನ್ನು ನಾನು ಒಪ್ಪುವುದಿಲ್ಲ.

1988ರ ಮೋಟಾರು ವಾಹನ ಕಾಯ್ದೆಯೂ ಅದನ್ನು ಒಪ್ಪಿಲ್ಲ. ಅದರ 112ನೇ ಕಲಂ ಪ್ರಕಾರ ಗರಿಷ್ಠ ವೇಗವನ್ನು ಕೇಂದ್ರ ಗೊತ್ತುಮಾಡುತ್ತದೆ. ಅದಕ್ಕಿಂತ ಕಡಿಮೆ ಮಿತಿ ವಿಧಿಸುವ ಅಧಿಕಾರ ರಾಜ್ಯ ಸರ್ಕಾರದ್ದು, ಇಲ್ಲವೇ ಅದು ಅಧಿಕಾರ ಕೊಟ್ಟ ಪ್ರಾಧಿಕಾರದ್ದು. ಯಾವ ಕಾರಣಕ್ಕೆ ಎಂಬುದನ್ನೂ ಕಾಯ್ದೆಯೇ ಹೇಳಿದೆ: ಸಾರ್ವಜನಿಕರ ಸುರಕ್ಷತೆ, ಅನುಕೂಲ, ರಸ್ತೆ ಅಥವಾ ಸೇತುವೆಯ ಸ್ವರೂಪ. ರಾಜ್ಯಪತ್ರದಲ್ಲಿ ಅಧಿಸೂಚನೆ ಹೊರಡಿಸಿ, ರಸ್ತೆಯಲ್ಲಿ ಫಲಕ ನೆಡಬೇಕು. ತಿಂಗಳು ಮೀರದ ನಿರ್ಬಂಧಕ್ಕೆ ಅಧಿಸೂಚನೆಯೂ ಬೇಕಿಲ್ಲ. ಕೇಂದ್ರದ ಸಂಖ್ಯೆಯೂ ಕಲ್ಲಿನಲ್ಲಿ ಕೆತ್ತಿದ್ದಲ್ಲ. 2018ರ ಏಪ್ರಿಲ್‌ನಲ್ಲಿ ಕೇಂದ್ರ ಎಕ್ಸ್‌ಪ್ರೆಸ್‌ವೇಗಳಲ್ಲಿ ಕಾರುಗಳಿಗೆ 120 ಕಿ.ಮೀ.ವರೆಗೆ ಅವಕಾಶ ಕೊಟ್ಟಿತು. 2021ರಲ್ಲಿ ಮದ್ರಾಸ್ ಹೈಕೋರ್ಟ್ ಆ ಅಧಿಸೂಚನೆಯನ್ನು ರದ್ದುಮಾಡಿತು.

ಹಾಗಾದರೆ ಕಾಯ್ದೆ ಹೇಳುವ ಆ ಸಾರ್ವಜನಿಕರು ಯಾರು? ರಸ್ತೆ ಎಂಜಿನಿಯರುಗಳಲ್ಲಿ ಒಂದು ರೂಢಿಯಿದೆ. ಅಡೆತಡೆಯಿಲ್ಲದ ಹೊತ್ತಿನಲ್ಲಿ ವಾಹನಗಳ ವೇಗ ಅಳೆದು, ನೂರಕ್ಕೆ ಎಂಬತ್ತೈದು ವಾಹನಗಳು ಯಾವ ವೇಗವನ್ನು ಮೀರುವುದಿಲ್ಲವೋ ಅದರ ಆಸುಪಾಸಿನಲ್ಲಿ ಮಿತಿ ನಿಗದಿ ಮಾಡುತ್ತಾರೆ. ಬಹುಪಾಲು ಚಾಲಕರು ವಿವೇಕಿಗಳು ಎಂಬ ಭರವಸೆ ಅದರ ಹಿಂದಿದೆ, ಅದು ತಪ್ಪೂ ಅಲ್ಲ. ಆದರೆ ಆ ಎಣಿಕೆಗೆ ಸಿಗುವುದು ಸ್ಟೀರಿಂಗ್ ಹಿಡಿದವರು ಮಾತ್ರ. ದಾಟಲು ಕಾದು ನಿಂತವರು ಯಂತ್ರಕ್ಕೆ ಕಾಣುವುದಿಲ್ಲ. ಹೆದರಿ ದಾಟುವುದನ್ನೇ ಬಿಟ್ಟವರಂತೂ ಯಾವ ಲೆಕ್ಕದಲ್ಲೂ ಇಲ್ಲ.

ಅವರ ಕಡೆಯಿಂದ ಲೆಕ್ಕ ಹಾಕೋಣ. ಮೂರು ಪಥ ಎಂದರೆ ಸುಮಾರು ಹತ್ತೂವರೆ ಮೀಟರ್. ಮಂಡಿನೋವಿನ ಅಜ್ಜಿ ಸೆಕೆಂಡಿಗೆ ಒಂದು ಮೀಟರ್ ನಡೆದರೂ ಹತ್ತು ಸೆಕೆಂಡು ಮೇಲೆಯೇ ಬೇಕು. ಅಷ್ಟರಲ್ಲಿ 80ರ ವೇಗದ ಕಾರು 220 ಮೀಟರಿಗಿಂತ ಹೆಚ್ಚು ಬಂದಿರುತ್ತದೆ. ಎಂದರೆ ಆಕೆ ಅಷ್ಟು ದೂರದ ಕಾರನ್ನು ಗುರುತಿಸಿ, ಅದರ ವೇಗ ಅಂದಾಜು ಮಾಡಿ ಹೆಜ್ಜೆ ಇಡಬೇಕು. ನಮ್ಮ ಕಣ್ಣಿಗೆ ದೂರ ತಿಳಿದಷ್ಟು ಸುಲಭವಾಗಿ ಎದುರಿಗೆ ಬರುವುದರ ವೇಗ ತಿಳಿಯುವುದಿಲ್ಲ. ಇತ್ತ ಕಾರಿನವರಿಗೆ 100ರ ಬದಲು 80 ಎಂದಾದರೆ ಇಪ್ಪತ್ತು ಕಿಲೋಮೀಟರಿಗೆ ಆಗುವ ನಷ್ಟ ಮೂರು ನಿಮಿಷ. ವೇಗದ ಮಿತಿ ಎಂದರೆ ಒಬ್ಬರ ನಿಮಿಷಗಳನ್ನೂ ಇನ್ನೊಬ್ಬರ ಜೀವಭಯವನ್ನೂ ಎದುರುಬದುರು ಇಟ್ಟು ಸರ್ಕಾರ ಮಾಡುವ ಹಂಚಿಕೆ. ಅಲ್ಲಿ ಒಂದು ಕಡೆಯವರನ್ನು ಮಾತ್ರ ಕೇಳುವುದು ನ್ಯಾಯವಲ್ಲ.

ಯಾರೂ ಪಾಲಿಸದ ಮಿತಿ ಹಾಕಿದರೆ ಕಾನೂನಿಗೇ ಬೆಲೆ ಇರುವುದಿಲ್ಲ ಎಂಬ ಆಕ್ಷೇಪ ಗಟ್ಟಿಯಾದದ್ದು. ಬರೀ ಫಲಕ ನೆಟ್ಟರೆ ಸಾಲದು, ನಿಜ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ 2023ರಲ್ಲಿ 100ರ ಮಿತಿಯನ್ನು ಬಿಗಿಯಾಗಿ ಜಾರಿ ಮಾಡಿದರು. ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳನ್ನು ಮುಖ್ಯ ಪಥದಿಂದ ಹೊರಗಿಟ್ಟರು. ಮರುವರ್ಷ, 130 ದಾಟಿದರೆ ಎಫ್‌ಐಆರ್ ಎಂಬ ಎಚ್ಚರಿಕೆ ರಾಜ್ಯಕ್ಕೆಲ್ಲ ಬಂತು. ಮೈಸೂರು ದಾರಿಯಲ್ಲಿ ನಿಧಾನದವರನ್ನು ಪಕ್ಕಕ್ಕೆ ಸರಿಸಿ ವೇಗಕ್ಕೆ ಜಾಗ ಮಾಡಿಕೊಟ್ಟರು. ಚಿಕ್ಕಜಾಲದಲ್ಲಿ ಸರಿಸಲು ಎಲ್ಲಿದೆ ಜಾಗ? ಊರು ರಸ್ತೆಗಿಂತ ಮೊದಲಿನದು. ಅದೂ ಸೇರಿಯೇ ಆ ರಸ್ತೆಯ ಸ್ವರೂಪ.

ಓಡಿಸುವವರ ಮೇಲಷ್ಟೇ ಹೊರೆ ಹೊರಿಸುವುದೂ ನನಗೆ ಸರಿಕಾಣದು. ಇದೇ ಕಾಯ್ದೆಯ 183ನೇ ಕಲಮಿನಲ್ಲಿ ಹೆಚ್ಚಿನವರು ಓದದ ಒಂದು ಉಪಕಲಂ ಇದೆ. ವೇಗಮಿತಿ ಮುರಿಯದೆ ತಲುಪಲು ಸಾಧ್ಯವೇ ಇಲ್ಲದ ವೇಳಾಪಟ್ಟಿ ಕೊಟ್ಟರೆ, ಅಷ್ಟರೊಳಗೆ ಮುಟ್ಟಿಸು ಎಂದು ಆದೇಶಿಸಿದರೆ, ಅದೇ ಹಾಗೆ ಮಾಡಿದವರ ವಿರುದ್ಧ ಮೇಲ್ನೋಟದ ಸಾಕ್ಷ್ಯ. ವಿಮಾನದ ಹೊತ್ತಿಗೆ ಟ್ಯಾಕ್ಸಿ ಓಡಿಸುವವರ, ಹೊತ್ತಿನ ಲೆಕ್ಕದಲ್ಲಿ ದುಡಿಯುವ ಎಲ್ಲರ ಪಾಲಿಗೆ ಈ ಮಾತು ದೊಡ್ಡದು. ರಾಡಾರ್ ಹಿಡಿದು ಚಾಲಕರಿಗೆ ದಂಡ ಹಾಕುವ ಪೊಲೀಸರು ಅವರಿಗೆ ಹೊತ್ತು ಗೊತ್ತುಮಾಡಿದವರನ್ನೂ ವಿಚಾರಿಸಬೇಕು. ಮಿತಿಯ ಅಧಿಸೂಚನೆಗೆ ಸಹಿ ಬೀಳುವ ಮೊದಲು, ಆ ರಸ್ತೆ ದಾಟುವ ಊರಿನವರನ್ನು ಕರೆದು, ಎಲ್ಲಿ, ಯಾವ ಹೊತ್ತಿಗೆ, ಯಾರು ದಾಟುತ್ತಾರೆಂದು ಕೇಳಿ ದಾಖಲಿಸಬೇಕು. ಹಾಗೆ ಕೇಳಬಾರದೆಂದು 112ನೇ ಕಲಂ ಎಲ್ಲೂ ಹೇಳಿಲ್ಲ.