ಸುದ್ದಿಯಾಗದೆ ಹೋದ ನಾರುಹುಣ್ಣು

ಯಾದಗಿರಿ, ಶಹಾಪುರ, ಸುರಪುರದ ಹೆಸರು ರಾಜ್ಯಮಟ್ಟದ ಪತ್ರಿಕೆಯಲ್ಲಿ ಕಂಡಿತೆಂದರೆ ಹೆಚ್ಚಾಗಿ ಗುಳೆ, ಅಪೌಷ್ಟಿಕತೆ, ಬರ ಇಲ್ಲವೇ ಕೃಷ್ಣಾ, ಭೀಮಾ ನದಿಗಳ ಪ್ರವಾಹದ ಸುದ್ದಿ. ಯಾವುದೂ ಸುಳ್ಳಲ್ಲ. ಆದರೆ ಇದೇ ಸೀಮೆಯನ್ನು ತಲೆಮಾರುಗಳಿಂದ ಕಾಡಿದ ರೋಗವೊಂದು ಹೇಳಹೆಸರಿಲ್ಲದಂತೆ ಹೋಯಿತು. ಅದಕ್ಕೆ ತಲೆಬರಹ ಕೊಡಬಹುದಾದ ಒಂದು ನಿರ್ದಿಷ್ಟ ದಿನವೇ ಇರಲಿಲ್ಲ.

ಅದು ನಾರುಹುಣ್ಣು. ಅವಿಭಜಿತ ಗುಲ್ಬರ್ಗ, ರಾಯಚೂರು, ವಿಜಾಪುರ ಜಿಲ್ಲೆಗಳ ಹಿರಿಯರು ಅದನ್ನು ಬಲ್ಲರು. ಮೆಟ್ಟಿಲು ಬಾವಿಯ ನೀರಿನಲ್ಲಿರುವ ಸೈಕ್ಲಾಪ್ಸ್ ಎಂಬ ಅತಿ ಸಣ್ಣ ಜೀವಿಯೊಳಗೆ ಹುಳುವಿನ ಮರಿ ಅಡಗಿರುತ್ತಿತ್ತು. ಆ ನೀರು ಕುಡಿದ ಸುಮಾರು ಒಂದು ವರ್ಷದ ಮೇಲೆ ಕಾಲಿನಲ್ಲಿ ಬೊಕ್ಕೆ ಎದ್ದು ಒಡೆದು, ಎರಡು–ಮೂರು ಅಡಿ ಉದ್ದದ ಹುಳು ಹೊರಬರುತ್ತಿತ್ತು. ಅದನ್ನು ಕಡ್ಡಿಗೆ ಸುತ್ತುತ್ತ ದಿನಕ್ಕಿಷ್ಟೆಂದು ಎಳೆಯಬೇಕಿತ್ತು. ದುಡಿಯುವವರು ವಾರಗಟ್ಟಲೆ ಹಾಸಿಗೆ ಹಿಡಿಯುತ್ತಿದ್ದರು. ಉರಿ ತಾಳಲಾರದೆ ಕಾಲನ್ನು ನೀರಿಗಿಳಿಸಿದರೆ ಮರಿಗಳು ಮತ್ತೆ ಬಾವಿ ಸೇರುತ್ತಿದ್ದವು.

ಇದಕ್ಕೆ ಲಸಿಕೆಯಿಲ್ಲ, ಹುಳುವನ್ನು ಕೊಲ್ಲುವ ಮದ್ದೂ ಇಲ್ಲ. 1983-84ರಲ್ಲಿ ರಾಷ್ಟ್ರೀಯ ನಿರ್ಮೂಲನ ಕಾರ್ಯಕ್ರಮ ಶುರುವಾದಾಗ ಇದ್ದ ಸಾಧನಗಳು ಸರಳ: ನೀರು ಸೋಸುವ ಬಟ್ಟೆ, ಕೈಪಂಪಿನ ಕೊಳವೆಬಾವಿ, ಸೈಕ್ಲಾಪ್ಸ್ ಕೊಲ್ಲಲು ನೀರಿಗೆ ಹಾಕುವ ಟೆಮಿಫಾಸ್ ಎಂಬ ರಾಸಾಯನಿಕ, ಇಳಿಯುವ ಬಾವಿಯನ್ನು ಸೇದುವ ಬಾವಿಯಾಗಿ ಮಾರ್ಪಡಿಸುವುದು, ಮನೆಮನೆಗೆ ಹೋಗಿ ರೋಗಿಗಳನ್ನು ಗುರುತಿಸುವುದು. 1984ರಲ್ಲಿ ಕರ್ನಾಟಕವೂ ಸೇರಿ ಏಳು ರಾಜ್ಯಗಳಲ್ಲಿ ಸುಮಾರು 40,000 ರೋಗಿಗಳಿದ್ದರು. ದೇಶದ ಕೊನೆಯ ಪ್ರಕರಣ 1996ರ ಜುಲೈನಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ಕಂಡಿತು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣುಮುಕ್ತವೆಂದು ಪ್ರಮಾಣೀಕರಿಸಿತು. ಜಗತ್ತಿನಲ್ಲಿ 1986ರ ಹೊತ್ತಿಗೆ ಅಂದಾಜು 35 ಲಕ್ಷ ಜನರನ್ನು ಬಾಧಿಸುತ್ತಿದ್ದ ಈ ರೋಗ 2023ರಲ್ಲಿ ಕಂಡದ್ದು 14 ಮಂದಿಯಲ್ಲಿ.

ಇಂಥ ಬದಲಾವಣೆ ಪತ್ರಿಕೆಯ ಕಣ್ಣಿಗೆ ಬೀಳದಿರಲು ಕಾರಣವಿದೆ. ಸುದ್ದಿಮಾಧ್ಯಮದ ದಿನಚರಿಗೆ ಹೊಂದುವ ವೇಗದಲ್ಲಿ ನಡೆದ ಘಟನೆಯೇ ಸುದ್ದಿಯಾಗುವ ಸಂಭವ ಹೆಚ್ಚು ಎಂದು ನಾರ್ವೆಯ ವಿದ್ವಾಂಸರಾದ ಯೋಹಾನ್ ಗಾಲ್ತುಂಗ್ ಮತ್ತು ಮಾರಿ ರೂಗೆ 1965ರಲ್ಲೇ ವಿವರಿಸಿದ್ದರು. ಅಪಘಾತಕ್ಕೆ ಕ್ಷಣ ಸಾಕು. ಊರಿನ ಬಾವಿ ಬದಲಾಗಲು ತಿಂಗಳುಗಳು, ದೇಶದಿಂದ ರೋಗ ತೊಲಗಲು ಹನ್ನೆರಡು ವರ್ಷ ಬೇಕಾದವು.

ನಿಧಾನದ ಒಳಿತು ಸುದ್ದಿಯಾಗುವುದೇ ಇಲ್ಲವೆಂದಾದರೆ ಮನುಷ್ಯಕುಲದ ಬಗ್ಗೆ ಭರವಸೆ ಇಡುವುದು ಯಾವ ಆಧಾರದ ಮೇಲೆ? ಅಮೆರಿಕದ ತತ್ತ್ವಜ್ಞಾನಿ ವಿಲಿಯಂ ಜೇಮ್ಸ್ 1907ರ ‘ಪ್ರಾಗ್ಮ್ಯಾಟಿಸಂ’ ಕೃತಿಯಲ್ಲಿ ಮೆಲಿಯೋರಿಸಂ, ಅಂದರೆ ಸುಧಾರಣಾವಾದವನ್ನು ಮುಂದಿಟ್ಟರು. ಆಶಾವಾದಿಗೆ ಒಳಿತು ಖಚಿತ, ನಿರಾಶಾವಾದಿಗೆ ಅದು ಅಸಾಧ್ಯ. ಎರಡರಲ್ಲೂ ಮನುಷ್ಯನಿಗೆ ಮಾಡಲು ಕೆಲಸ ಉಳಿಯುವುದಿಲ್ಲ. ಸುಧಾರಣಾವಾದಿಗೆ ಒಳಿತು ಸಾಧ್ಯ, ಅಷ್ಟೇ. ಅದಕ್ಕೆ ಬೇಕಾದ ಷರತ್ತುಗಳು ಒಂದೊಂದಾಗಿ ಕೂಡಿಬಂದಂತೆ ಅದರ ಸಂಭವ ಹೆಚ್ಚುತ್ತದೆ. ಅವುಗಳಲ್ಲಿ ಕೆಲವನ್ನು ಪೂರೈಸುವುದು ಜನರ ಕೈಯಲ್ಲೇ ಇದೆ. ನೀರು ಸೋಸಿದ ಪ್ರತಿ ಮನೆಯೂ ಅಂಥದೊಂದು ಷರತ್ತನ್ನು ಪೂರೈಸಿತ್ತು.

ಈ ನಿಲುವು ಕೆಟ್ಟ ಸುದ್ದಿಗೆ ಬೆನ್ನು ತಿರುಗಿಸುವುದಿಲ್ಲ. ನಾರುಹುಣ್ಣು ಹೋದ ಮೇಲೂ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಪತ್ತೆಯಾಯಿತು. ಅದು ಗೊತ್ತಾಗದಿದ್ದರೆ ಪರಿಹಾರದ ಮಾತೇ ಏಳುತ್ತಿರಲಿಲ್ಲ.

ಸಾಕ್ಷರತೆಯನ್ನೂ ಹೀಗೆಯೇ ಓದಬಹುದು. 2001ರಲ್ಲಿ ಈಗಿನ ಯಾದಗಿರಿ ಜಿಲ್ಲೆಯ ಭಾಗದಲ್ಲಿ ಸುಮಾರು ಶೇ 40ರಷ್ಟಿದ್ದ ಸಾಕ್ಷರತೆ 2011ರ ಜನಗಣತಿಯಲ್ಲಿ ಶೇ 51.83ಕ್ಕೆ ಏರಿತು. ಆಗಲೂ ಯಾದಗಿರಿಯದು ರಾಜ್ಯದಲ್ಲಿ ಕೊನೆಯ ಸ್ಥಾನ. ಎರಡೂ ನಿಜ. ಎರಡನ್ನೂ ಒಟ್ಟಿಗೆ ಓದಿದವರಿಗೆ ಮುಂದಿನ ಷರತ್ತುಗಳು ಕಾಣುತ್ತವೆ: ಗುಳೆ ಹೋಗುವ ಮನೆಗಳ ಮಕ್ಕಳು ಊರಲ್ಲೇ ಉಳಿದು ಓದಲು ವಸತಿ, ಹತ್ತಿ ಬಿಡಿಸುವ ಹಂಗಾಮಿನಲ್ಲೂ ತಪ್ಪದ ಹಾಜರಿ, ತಾಂಡಾದ ಹುಡುಗಿಯರು ಹೈಸ್ಕೂಲು ತಲುಪಲು ಬಸ್ಸು.