ಕೊಟ್ಟದ್ದನ್ನು ನುಂಗುವ ಹುಡುಗಿಯರು

ಹೋದ ವರ್ಷ ತಾಲ್ಲೂಕು ಕ್ರೀಡಾಕೂಟದಲ್ಲಿ ಐದನೆಯವಳಾದ ಹುಡುಗಿ ಈ ವರ್ಷ ಮೊದಲಿಗಳಾದರೆ, ಚಪ್ಪಾಳೆಯ ಜೊತೆಗೇ ಪಿಸುಮಾತೂ ಹುಟ್ಟುತ್ತದೆ: ‘ಅದೇನು ತಿನ್ನಿಸಿದರೋ!’

ರಾಮನಗರದ ಸುತ್ತ ರೇಷ್ಮೆ ಸಾಕುವ ಹೆಂಗಸರನ್ನು ಕೇಳಿ. ನಾಲ್ಕನೆಯ ಜ್ವರದಿಂದ ಎದ್ದ ಹುಳು ಎಷ್ಟು ಸೊಪ್ಪು ಹಾಕಿದರೂ ಸಾಲದೆಂಬಂತೆ ತಿಂದು, ವಾರದಲ್ಲೇ ಗುರುತು ಸಿಗದಷ್ಟು ಬೆಳೆಯುತ್ತದೆ. ಅವರು ಅನುಮಾನಪಡುವುದಿಲ್ಲ; ಹಿಂದಿನ ದಿನಗಳ ಆರೈಕೆ ಅವರಿಗೆ ಗೊತ್ತು. ಮಕ್ಕಳೂ ಹಾಗೆಯೇ. ವರ್ಷದಲ್ಲಿ ಎತ್ತರ ಬೆಳೆದಿರಬಹುದು, ಹೊಟ್ಟೆ ತುಂಬ ಊಟ ಸಿಕ್ಕಿರಬಹುದು, ಓಡುವ ಕ್ರಮ ಹೇಳಿಕೊಡುವವರು ದೊರೆತಿರಬಹುದು. ದಿಢೀರ್ ಏಳಿಗೆಯೊಂದೇ ಮೋಸಕ್ಕೆ ಸಾಕ್ಷಿಯಲ್ಲ.

ಹಾಗೆಂದು ಭಯಕ್ಕೆ ಕಾರಣವೇ ಇಲ್ಲವೆನ್ನಲಾರೆ. ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ 2010ರಲ್ಲಿ ದೆಹಲಿಯ ಕಾಮನ್‌ವೆಲ್ತ್ ಕೂಟದಲ್ಲಿ ರಿಲೇ ಚಿನ್ನ, ಮರುತಿಂಗಳು ಗುವಾಂಗ್‌ಝೌ ಏಷ್ಯನ್ ಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಮತ್ತು ರಿಲೇ ಎರಡರಲ್ಲೂ ಚಿನ್ನ ಗೆದ್ದರು. ಮನೆಮಗಳೇ ಗೆದ್ದಷ್ಟು ಹಿಗ್ಗಿದೆವು. 2011ರಲ್ಲಿ ಅವರೂ ಜೊತೆಯ ಕೆಲವು ಓಟಗಾರ್ತಿಯರೂ ಸ್ಟೀರಾಯ್ಡ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಉಕ್ರೇನಿನ ತರಬೇತುದಾರರು ಕೊಟ್ಟ ಜಿನ್‌ಸೆಂಗ್‌ನಿಂದ ಅದು ಮೈಗೆ ಸೇರಿತೆಂಬುದು ಅವರ ಮಾತು. ತರಬೇತುದಾರರನ್ನು ತೆಗೆದುಹಾಕಲಾಯಿತು. ಹುಡುಗಿಯರಿಗೆ ಮೊದಲು ಒಂದು ವರ್ಷ ನಿಷೇಧ. 2012ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಾಲಯ ಅದನ್ನು ಎರಡು ವರ್ಷಕ್ಕೆ ಏರಿಸಿತು.

ಮೈಯಲ್ಲಿ ಸಿಕ್ಕಿದ್ದಕ್ಕೆ ಓಡಿದವಳೇ ಹೊಣೆ ಎಂಬುದು ನಿಯಮ. ಕಠಿಣವಾದರೂ ಅದು ತಪ್ಪೆನ್ನಲಾರೆ. ‘ಗೊತ್ತಿರಲಿಲ್ಲ’ ಎಂದವರನ್ನೆಲ್ಲ ಬಿಟ್ಟುಬಿಟ್ಟರೆ, ಏನನ್ನೂ ನುಂಗದೆ ಓಡಿ ನಾಲ್ಕನೆಯವಳಾದವಳಿಗೆ ನ್ಯಾಯ ಎಲ್ಲಿಯದು?

ನನ್ನನ್ನು ಕಾಡುವ ಪ್ರಶ್ನೆ ಬೇರೆ. ಮನೆಯಲ್ಲೂ ಶಾಲೆಯಲ್ಲೂ ಹೆಣ್ಣುಮಕ್ಕಳು ಕಲಿಯುವುದೇನು? ಬಡಿಸಿದ್ದನ್ನು ಉಣ್ಣು, ಎದುರು ಮಾತಾಡಬೇಡ, ದೊಡ್ಡವರು ಹೇಳುವುದು ನಿನ್ನ ಒಳ್ಳೆಯದಕ್ಕೇ. ಇಪ್ಪತ್ತು ವರ್ಷ ಇದನ್ನೇ ಕೇಳಿ ಬೆಳೆದವಳ ಅಂಗೈಗೆ ಗುರುವೇ ಮಾತ್ರೆ ಇಟ್ಟಾಗ, ‘ಇದರಲ್ಲಿ ಏನಿದೆ?’ ಎಂದು ಕೇಳುವ ಧೈರ್ಯ ಎಲ್ಲಿಂದ ಬರಬೇಕು? ಕೇಳದೆ ನುಂಗಿದ್ದಕ್ಕೆ ಶಿಕ್ಷೆ ಅವಳಿಗೆ; ಕೇಳದಂತೆ ಬೆಳೆಸಿದವರಿಗೆ ಯಾವ ನಿಷೇಧವೂ ಇಲ್ಲ.

ಕನಕಪುರ, ಮಾಗಡಿ, ಚನ್ನಪಟ್ಟಣದ ಮೈದಾನಗಳಲ್ಲೂ ನಮ್ಮ ಹುಡುಗಿಯರು ಓಡುತ್ತಿದ್ದಾರೆ. ಟಾನಿಕ್ಕೋ ಪುಡಿಯೋ ಮಾತ್ರೆಯೋ, ಯಾರೇ ಕೊಡಲಿ, ಹೆಸರು ಕೇಳು, ಡಬ್ಬಿಯ ಮೇಲಿನ ಬರಹ ಓದು, ಮನೆಗೆ ಬಂದು ಹೇಳು ಎಂದು ಅವರಿಗೆ ತಿಳಿಸೋಣ. ಕೇಳಿದ ಮಾತ್ರಕ್ಕೆ ಗುರುಭಕ್ತಿ ಕಡಿಮೆಯಾಗುವುದಿಲ್ಲ. ಗೆದ್ದು ಬಂದ ಮೇಲೆ ಬೆನ್ನ ಹಿಂದೆ ಪಿಸುಗುಡುವುದಕ್ಕಿಂತ, ಓಡುವ ಮೊದಲೇ ಎದುರಿಗೆ ಕೂರಿಸಿಕೊಂಡು ಇಷ್ಟು ಹೇಳುವುದು ಮೇಲಲ್ಲವೆ?